ಆಫ್ರಿಕನ್ ಗೇಮ್ಸ್‌ನಲ್ಲಿ ಗೆದ್ದವರ ಟೈಮಿಂಗ್ ಅಷ್ಟು ನಿಧಾನ ಯಾಕೆ?

ಪ್ರಶ್ನೆ: ನಾವು ಹಾಸನದ ಕಡೆಯವರು, ಒಂಬತ್ತು ವರ್ಷದಿಂದ ನೈರೋಬಿಯಲ್ಲಿದ್ದೇವೆ. ಮಗಳಿಗೆ 17 ವರ್ಷ, ಶಾಲೆಯ ತಂಡದಲ್ಲಿ 800 ಮತ್ತು 1500 ಮೀಟರ್ ಓಡುತ್ತಾಳೆ. ಅವಳ ಅತ್ಯುತ್ತಮ ಸಮಯ 2:15 ಮತ್ತು 4:48, ಎರಡೂ ನೈರೋಬಿಯಲ್ಲೇ ಬಂದವು. ಅಕ್ರಾದಲ್ಲಿ ನಡೆದ ಆಫ್ರಿಕನ್ ಗೇಮ್ಸ್ ಅನ್ನು ಇಬ್ಬರೂ ಕೂತು ನೋಡಿದೆವು. ದೂರದ ಓಟಗಳಲ್ಲಿ ಗೆದ್ದವರ ಸಮಯ ಯೂರೋಪಿನ ಕೂಟಗಳಿಗೆ ಹೋಲಿಸಿದರೆ ತುಂಬಾ ನಿಧಾನ. ‘ಇದು ಎರಡನೇ ದರ್ಜೆಯ ಕೂಟ, ದೊಡ್ಡವರು ಬರುವುದೇ ಇಲ್ಲ’ ಎಂದು ನನ್ನ ಸಹೋದ್ಯೋಗಿ ಹೇಳುತ್ತಾರೆ. ಎತ್ತರದ ಊರಿನ ಟೈಮಿಂಗ್ ಲೆಕ್ಕಕ್ಕೆ ಬರುವುದಿಲ್ಲ, ಎತ್ತರದಲ್ಲಿ ಹುಟ್ಟಿ ಬೆಳೆದವರಿಗೆ ಎತ್ತರ ತಟ್ಟುವುದಿಲ್ಲ ಎಂಬುದೂ ಅವರದೇ ಮಾತು. ಇನ್ನೊಂದು ಅನುಮಾನ: ಒಂದು ಹೀಟ್‌ನಲ್ಲಿ (ಫೈನಲ್‌ಗೆ ಮುಂಚಿನ ಸುತ್ತಿನ ಓಟದಲ್ಲಿ) ನಾಲ್ಕನೆಯವಳು ಹೊರಬಿದ್ದರೆ, ಮತ್ತೊಂದರಲ್ಲಿ ಐದನೆಯವಳು ಫೈನಲ್‌ಗೆ ಹೋಗುವುದು ಹೇಗೆ? ಆಗಸ್ಟ್ ರಜೆಯಲ್ಲಿ ಮಗಳನ್ನು ಮೊಂಬಾಸಾಗೋ ಬೆಂಗಳೂರಿಗೋ ಕರೆದುಕೊಂಡು ಹೋಗಿ ಓಡಿಸಿದರೆ ‘ನಿಜವಾದ’ ಟೈಮಿಂಗ್ ಸಿಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ನಾಲ್ಕು ಪ್ರಶ್ನೆಗಳಿದ್ದರೂ ಒಳಗಿನ ಆತಂಕ ಒಂದೇ: ಮಗಳು ನೈರೋಬಿಯಲ್ಲಿ ಪಡುತ್ತಿರುವ ಶ್ರಮವನ್ನು ಗಡಿಯಾರ ಸರಿಯಾಗಿ ತೋರಿಸುತ್ತಿದೆಯೇ? 1500 ಮೀಟರಿನಲ್ಲಿ ಪೂರ್ತಿ ತೋರಿಸುತ್ತಿಲ್ಲ, 800 ಮೀಟರಿನಲ್ಲಿ ಬಹುತೇಕ ತೋರಿಸುತ್ತಿದೆ. ಯಾಕೆ ಎಂದು ಆಮೇಲೆ ಹೇಳುತ್ತೇನೆ. ಮೊದಲು ಅಕ್ರಾ.

ಅಕ್ರಾದ ನಿಧಾನಕ್ಕೂ ಎತ್ತರಕ್ಕೂ ಸಂಬಂಧವಿಲ್ಲ. ಅದು ಕಡಲ ತೀರದ ಊರು. ಅಥ್ಲೆಟಿಕ್ಸ್ ನಡೆದ ಲೆಗಾನ್‌ನ ಘಾನಾ ವಿಶ್ವವಿದ್ಯಾಲಯದ ಕ್ರೀಡಾಂಗಣವೂ ಸಮುದ್ರಮಟ್ಟಕ್ಕಿಂತ ಹೆಚ್ಚು ಮೇಲಿಲ್ಲ. ಕಾರಣ ಹುಡುಕಬೇಕಾದ್ದು ಕ್ಯಾಲೆಂಡರಿನಲ್ಲಿ. 2023ರಲ್ಲಿ ಆಗಬೇಕಿದ್ದ ಈ ಗೇಮ್ಸ್ ಮುಂದೆ ಹೋಗಿ 2024ರ ಮಾರ್ಚ್‌ನಲ್ಲಿ ನಡೆಯಿತು. ಅಥ್ಲೆಟಿಕ್ಸ್ ಆ ತಿಂಗಳ 18ರಿಂದ 22ರವರೆಗೆ. ಅದಕ್ಕೂ ಮೊದಲು, ಮಾರ್ಚ್ 1ರಿಂದ 3ರವರೆಗೆ, ಗ್ಲಾಸ್ಗೋದಲ್ಲಿ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್ ಮುಗಿದಿತ್ತು. ಮಾರ್ಚ್ 30ಕ್ಕೆ ಬೆಲ್‌ಗ್ರೇಡ್‌ನಲ್ಲಿ ವಿಶ್ವ ಕ್ರಾಸ್ ಕಂಟ್ರಿ (ಟ್ರ್ಯಾಕ್ ಬಿಟ್ಟು ಬಯಲಲ್ಲಿ ಓಡುವ ಸ್ಪರ್ಧೆ) ಕಾದಿತ್ತು. ಕೀನ್ಯಾ, ಇಥಿಯೋಪಿಯಾ, ಉಗಾಂಡಾದ ದೂರದ ಓಟಗಾರರಲ್ಲಿ ಒಳ್ಳೆಯ ಕಾಲಿರುವವರು ಕ್ರಾಸ್ ಕಂಟ್ರಿಗೆ ತಯಾರಾಗುತ್ತಿರುವ ವಾರದಲ್ಲೇ ಟ್ರ್ಯಾಕ್ ಓಟ ಇಟ್ಟರೆ ಅವರು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಬೇಕಿಲ್ಲ. ಬಂದವರಿಗೂ ಮಾರ್ಚ್ ಎಂದರೆ ತರಬೇತಿಯ ನಡುಗಾಲ. ಅವರ ಗುರಿ ಇದ್ದದ್ದು ಜುಲೈ ಕೊನೆಯಲ್ಲಿ ಆರಂಭವಾಗುವ ಪ್ಯಾರಿಸ್ ಒಲಿಂಪಿಕ್ಸ್. ಒಲಿಂಪಿಕ್ ಅರ್ಹತೆಯ ಬಾಗಿಲು ಜೂನ್ 30ರವರೆಗೆ ತೆರೆದಿತ್ತು, ಹಾಗಾಗಿ ಮಾರ್ಚ್‌ನಲ್ಲೇ ಪೂರ್ತಿ ಹರಿತಕ್ಕೆ ಬರುವ ಅವಸರ ಯಾರಿಗೂ ಇರಲಿಲ್ಲ.

ಇದರ ಮೇಲೆ ಸೆಕೆ. ಅಕ್ರಾದಲ್ಲಿ ಮಾರ್ಚ್ ಹಗಲಿನ ಬಿಸಿಲು 32 ಡಿಗ್ರಿ ಮುಟ್ಟುತ್ತದೆ, ಸಂಜೆಯಾದರೂ ತೇವ ಇಳಿಯುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ; ಮೈ ತಣಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಅಷ್ಟರಮಟ್ಟಿಗೆ ಕಾಲಿನ ಸ್ನಾಯುಗಳಿಗೆ ಕಡಿಮೆಯಾಗುತ್ತದೆ. 100 ಮೀಟರ್ ಓಡುವವನಿಗೆ ಇದರಿಂದ ನಷ್ಟವಿಲ್ಲ, ಬಿಸಿ ಸ್ನಾಯು ಅವನಿಗೆ ಲಾಭವೇ. 5000, 10000 ಓಡುವವರಿಗೆ ಮಾತ್ರ ಅರ್ಧ ದಾರಿಯಾದ ಮೇಲೆ ಪ್ರತಿ ಲ್ಯಾಪ್‌ಗೂ ದಂಡ. ಎಲ್ಡೊರೆಟ್ (ಸುಮಾರು 2,100 ಮೀಟರ್) ಅಥವಾ ಇಟೆನ್‌ನ (2,400 ಮೀಟರ್) ತಂಪಿನಿಂದ ಇಳಿದು ಬಂದವರಿಗೆ ಇಲ್ಲಿ ಇಕ್ಕಟ್ಟಿದೆ. ಸೆಕೆಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು, ಆದರೆ ಎತ್ತರದಿಂದ ಇಳಿದವರು ಹಲವರು ಮೊದಲ ಎರಡು ಮೂರು ದಿನದಲ್ಲೇ ಓಡಿ ಮುಗಿಸಲು ಇಷ್ಟಪಡುತ್ತಾರೆ. ಬೇಗ ಬಂದರೆ ಒಂದಕ್ಕೆ ಅನುಕೂಲ, ತಡವಾಗಿ ಬಂದರೆ ಇನ್ನೊಂದಕ್ಕೆ. ತಂಡದ ವಿಮಾನ ಟಿಕೆಟ್ ಸಾಮಾನ್ಯವಾಗಿ ಈ ಎರಡನ್ನೂ ನೋಡಿ ಕಾಯ್ದಿರಿಸಿದ್ದಾಗಿರುವುದಿಲ್ಲ ಎಂಬುದು ಬೇರೆ ಮಾತು.

ಎಲ್ಲಕ್ಕಿಂತ ದೊಡ್ಡ ಕಾರಣ ಸ್ಪರ್ಧೆಯ ಸ್ವರೂಪ. ಯೂರೋಪಿನ ಹಣದ ಕೂಟಗಳಲ್ಲಿ ಪೇಸ್‌ಮೇಕರ್‌ಗಳಿರುತ್ತಾರೆ. ಸಂಬಳ ಪಡೆದ ಇಬ್ಬರು ಮೂವರು ಗೊತ್ತುಮಾಡಿದ ವೇಗದಲ್ಲಿ ಅರ್ಧ ದೂರ ಎಳೆದುಕೊಂಡು ಹೋಗಿ ಪಕ್ಕಕ್ಕೆ ಸರಿಯುತ್ತಾರೆ, ಈಗ ಟ್ರ್ಯಾಕಿನ ಒಳಅಂಚಿನಲ್ಲಿ ವೇಗ ತೋರಿಸುವ ದೀಪಗಳೂ ಓಡುತ್ತವೆ. ಗೇಮ್ಸ್‌ನಲ್ಲಿ ಇದಾವುದೂ ಇಲ್ಲ. ಪದಕ ಸ್ಥಾನಕ್ಕೆ, ಸಮಯಕ್ಕಲ್ಲ. ಮುಂದೆ ಹೋದವನು ಗಾಳಿ ಸೀಳಿ ಹಿಂದಿನವರಿಗೆ ಉಪಕಾರ ಮಾಡುತ್ತಾನೆ. ಹಾಗಾಗಿ ಯಾರೂ ಮುಂದೆ ಹೋಗುವುದಿಲ್ಲ, ಕೊನೆಯ ಎರಡು ಲ್ಯಾಪ್‌ನಲ್ಲಿ ಎಲ್ಲವೂ ತೀರ್ಮಾನವಾಗುತ್ತದೆ.

1978 ನೋಡಿ. ಕೀನ್ಯಾದ ಹೆನ್ರಿ ರೋನೊ ಆ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ 81 ದಿನಗಳಲ್ಲಿ ನಾಲ್ಕು ವಿಶ್ವದಾಖಲೆ ಬರೆದರು. ಜೂನ್ 11ರಂದು ವಿಯೆನ್ನಾದಲ್ಲಿ 10000 ಮೀಟರ್ ಅನ್ನು 27:22.47ರಲ್ಲಿ ಓಡಿದ್ದು ಅವುಗಳಲ್ಲೊಂದು. ಮರುತಿಂಗಳು ಅಲ್ಜಿಯರ್ಸ್‌ನ ಆಲ್ ಆಫ್ರಿಕಾ ಗೇಮ್ಸ್‌ನಲ್ಲಿ (ಇದೇ ಕೂಟದ ಹಳೆಯ ಹೆಸರು) ಅದೇ ದೂರದ ಚಿನ್ನ, 3000 ಮೀಟರ್ ಸ್ಟೀಪಲ್‌ಚೇಸ್‌ನ ಚಿನ್ನ ಎರಡೂ ಅವರದೇ. 10000 ಮೀಟರಿನ ಸಮಯ ಮಾತ್ರ 28 ನಿಮಿಷದ ಹತ್ತಿರ. ಅದೇ ಮನುಷ್ಯ, ಅದೇ ಬೇಸಿಗೆ, ಅರ್ಧ ನಿಮಿಷಕ್ಕೂ ಹೆಚ್ಚು ವ್ಯತ್ಯಾಸ. ಗೆಲ್ಲಲು ಅಷ್ಟು ಸಾಕಿತ್ತು. ತಾಂಜಾನಿಯಾದ ಫಿಲ್ಬರ್ಟ್ ಬಾಯಿ 1973ರ ಜನವರಿಯಲ್ಲಿ ಇದೇ ಗೇಮ್ಸ್‌ನಲ್ಲಿ, ಲಾಗೋಸ್‌ನ ಸೆಕೆಯಲ್ಲಿ, ಒಲಿಂಪಿಕ್ ಚಿನ್ನ ಗೆದ್ದಿದ್ದ ಕೀನ್ಯಾದ ಕಿಪ್‌ಚೋಗೆ ಕೀನೊ ಅವರನ್ನು ಹಿಂದಿಕ್ಕಿ 1500 ಮೀಟರ್ ಗೆದ್ದಾಗಲೂ ಸಮಯ ನೋಡಿ ಬೆರಗಾದವರು ಕಡಿಮೆ. ಒಂದು ವರ್ಷದ ನಂತರ ಕ್ರೈಸ್ಟ್‌ಚರ್ಚ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅದೇ ಬಾಯಿ ಮೊದಲ ಹೆಜ್ಜೆಯಿಂದಲೇ ಮುಂದೆ ಓಡಿ 3:32.16ರ ವಿಶ್ವದಾಖಲೆ ಮಾಡಿದರು. ಲಾಗೋಸ್‌ನ ಫಲಿತಾಂಶ ಪಟ್ಟಿಯಲ್ಲಿ ಇದರ ಸುಳಿವು ಸಮಯದಲ್ಲಿರಲಿಲ್ಲ, ಯಾರನ್ನು ಸೋಲಿಸಿದರು ಎಂಬುದರಲ್ಲಿತ್ತು.

ತಂತ್ರಗಾರಿಕೆಗೆ ಎಡೆಯಿಲ್ಲದ ಸ್ಪರ್ಧೆಗಳಲ್ಲಿ ಈ ಕೂಟದ ಮಟ್ಟ ನೇರವಾಗಿ ಕಾಣುತ್ತದೆ. 2019ರ ರಬಾತ್‌ನಲ್ಲಿ ನೈಜೀರಿಯಾದ ರೇಮಂಡ್ ಎಕೆವ್ವೊ 100 ಮೀಟರ್ ಅನ್ನು 9.96ರಲ್ಲಿ ಗೆದ್ದರು, ಕೀನ್ಯಾದ ಜೂಲಿಯಸ್ ಯೆಗೊ ಜಾವೆಲಿನ್ ಅನ್ನು 87.73 ಮೀಟರ್ ಎಸೆದರು. ಇದನ್ನು ಎರಡನೇ ದರ್ಜೆ ಎನ್ನುವುದು ಕಷ್ಟ. ಆದರೆ ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ರಬಾತ್‌ನ ಅಥ್ಲೆಟಿಕ್ಸ್ ನಡೆದದ್ದು ಆಗಸ್ಟ್ 26ರಿಂದ 30ರವರೆಗೆ. ಅದರ ನಡುವೆಯೇ 29ಕ್ಕೆ ಜ್ಯೂರಿಕ್‌ನಲ್ಲಿ ಡೈಮಂಡ್ ಲೀಗ್ (ಹಣದ ಕೂಟಗಳ ಸರಣಿ) ಫೈನಲ್. 2015ರ ಬ್ರಾಜಾವಿಲ್ ಕೂಟ ಬೀಜಿಂಗ್ ವಿಶ್ವ ಚಾಂಪಿಯನ್‌ಷಿಪ್ ಮುಗಿದ ಬೆನ್ನಲ್ಲೇ ಸೆಪ್ಟೆಂಬರ್‌ನಲ್ಲಿ ಬಂತು. ದೊಡ್ಡ ಹೆಸರುಗಳು ತಪ್ಪಿಸಿಕೊಳ್ಳುವುದು ದೇಶಾಭಿಮಾನದ ಕೊರತೆಯಿಂದಲ್ಲ. ಓಟಗಾರನ ಆದಾಯದ ವರ್ಷಗಳು ಬೆರಳೆಣಿಕೆಯಷ್ಟು, ಆಫ್ರಿಕನ್ ಗೇಮ್ಸ್ ತನಗೊಂದು ಖಾಲಿ ವಾರ ಹುಡುಕಿಕೊಂಡಿಲ್ಲ. ನನ್ನ ಲೆಕ್ಕದಲ್ಲಿ ಈ ಕೂಟದ ದೋಷ ಓಟಗಾರರದ್ದಲ್ಲ, ತಾರೀಖಿನದ್ದು.

ಈಗ ಎತ್ತರ. 1987ರಲ್ಲಿ ನಿಮ್ಮೂರಿನ ಕಸರಾನಿ ಕ್ರೀಡಾಂಗಣದಲ್ಲಿ, 1995ರಲ್ಲಿ ಹರಾರೆಯಲ್ಲಿ, 1999ರಲ್ಲಿ ಜೊಹಾನೆಸ್‌ಬರ್ಗ್‌ನಲ್ಲಿ ಈ ಗೇಮ್ಸ್ ನಡೆದಾಗ ಎತ್ತರದ ಪ್ರಶ್ನೆ ನಿಜಕ್ಕೂ ಇತ್ತು. ಕಸರಾನಿಯ ಮಟ್ಟದಲ್ಲಿ, ಅಂದರೆ ಸುಮಾರು 1,600 ಮೀಟರ್ ಎತ್ತರದಲ್ಲಿ, ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ 15 ಕಡಿಮೆ. ಇದರಿಂದ ಎರಡು ಪರಿಣಾಮ, ಎರಡೂ ಎದುರುಬದುರು. ಎದುರಿನ ಗಾಳಿಯ ತಡೆ ಕಡಿಮೆಯಾಗುತ್ತದೆ, ಅದು ವೇಗದ ಓಟಗಾರನಿಗೆ ಲಾಭ. ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಕಡಿಮೆಯಾಗುತ್ತದೆ, ಅದು ದೂರದ ಓಟಗಾರನಿಗೆ ನಷ್ಟ. 100 ಮೀಟರಿನಲ್ಲಿ ಈ ಎತ್ತರದ ಲಾಭ ಸೆಕೆಂಡಿನ ನೂರರಲ್ಲಿ ಐದು ಭಾಗದ ಆಸುಪಾಸು. ಫರ್ಡಿನಂಡ್ ಒಮನ್ಯಾಲಾ 2021ರ ಸೆಪ್ಟೆಂಬರ್‌ನಲ್ಲಿ ಕಸರಾನಿಯಲ್ಲೇ 9.77 ಓಡಿ ಆಫ್ರಿಕಾದ ದಾಖಲೆ ಮಾಡಿದಾಗ ಬೆನ್ನ ಹಿಂದಿನಿಂದ ಸೆಕೆಂಡಿಗೆ 1.2 ಮೀಟರ್ ಗಾಳಿಯೂ ಇತ್ತು. ಗಾಳಿಯ ಪಾಲು ಸುಮಾರು 0.06, ಎತ್ತರದ ಪಾಲು 0.05 ಎಂದಿಟ್ಟುಕೊಂಡರೆ ಗಾಳಿಯಿಲ್ಲದ ಕಡಲೂರಿನಲ್ಲಿ ಅದೇ ಓಟ 9.88ರ ಹತ್ತಿರ ನಿಲ್ಲುತ್ತಿತ್ತು. ಇದು ಅಂದಾಜು ಮಾತ್ರ, ದಾಖಲೆ ಪುಸ್ತಕ ಇಂಥ ಕಳೆಯುವ ಲೆಕ್ಕ ಮಾಡುವುದಿಲ್ಲ.

ದೂರದ ಓಟದ ನಷ್ಟ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. 1968ರ ಮೆಕ್ಸಿಕೊ ಸಿಟಿ ಒಲಿಂಪಿಕ್ಸ್ (ಸುಮಾರು 2,240 ಮೀಟರ್) ಇದರ ತೆರೆದ ಪಾಠ. 400 ಮೀಟರ್‌ವರೆಗಿನ ಓಟಗಳಲ್ಲಿ ವಿಶ್ವದಾಖಲೆಗಳು ಉದುರಿದವು. 10000 ಮೀಟರ್ ಗೆದ್ದ ಕೀನ್ಯಾದ ನಫ್ತಾಲಿ ಟೆಮು ತೆಗೆದುಕೊಂಡದ್ದು 29:27.4, ಆಗಿನ ವಿಶ್ವದಾಖಲೆ 27:39.4. ಅದೇ ಟ್ರ್ಯಾಕಿನಲ್ಲಿ 800 ಮೀಟರ್ ಗೆದ್ದ ಆಸ್ಟ್ರೇಲಿಯಾದ ರಾಲ್ಫ್ ಡೌಬೆಲ್ 1:44.3 ಓಡಿ ವಿಶ್ವದಾಖಲೆ ಸರಿಗಟ್ಟಿದರು. ಲಾಭ ನಷ್ಟ ಸಮವಾಗುವ ದೂರ ಹೆಚ್ಚುಕಡಿಮೆ ಅದೇ, 800 ಮೀಟರ್. ನಿಮ್ಮ ಮಗಳ ವಿಷಯದಲ್ಲಿ ಇದು ಮುಖ್ಯ.

ಎಸೆತಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಎತ್ತರದಲ್ಲಿ ಎಲ್ಲವೂ ದೂರ ಹಾರುತ್ತದೆ ಎಂಬ ನಂಬಿಕೆ ಡಿಸ್ಕಸ್‌ಗೆ ಹೊಂದುವುದಿಲ್ಲ. ಅದು ಗಾಳಿಯ ಆಸರೆಯ ಮೇಲೇ ತೇಲುವ ವಸ್ತು. ಗಾಳಿ ತೆಳುವಾದರೆ ಬೇಗ ಬೀಳುತ್ತದೆ.

‘ಎತ್ತರದಲ್ಲಿ ಹುಟ್ಟಿದವರಿಗೆ ಎತ್ತರ ತಟ್ಟುವುದಿಲ್ಲ’ ಎಂಬುದು ಸುಳ್ಳು. ಕಡಿಮೆ ತಟ್ಟುತ್ತದೆ, ಅಷ್ಟೇ. ಯೂರೋಪಿನಲ್ಲಿ 13 ನಿಮಿಷದ ಒಳಗೆ 5000 ಮೀಟರ್ ಮುಗಿಸುವ ಕೀನ್ಯಾದವರೂ ನೈರೋಬಿಯ ಆಯ್ಕೆ ಸ್ಪರ್ಧೆಯಲ್ಲಿ ಆ ಸಮಯ ಮಾಡುವುದಿಲ್ಲ. ಹೊರಗಿನಿಂದ ಬಂದವರ ಪಾಡು 2021ರ ಆಗಸ್ಟ್‌ನಲ್ಲಿ ಕಸರಾನಿಯಲ್ಲಿ ನಡೆದ 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಡಿತು. ಭಾರತದ ಅಮಿತ್ ಖತ್ರಿ 10000 ಮೀಟರ್ ನಡಿಗೆಯಲ್ಲಿ 42:17.94ಕ್ಕೆ ಬೆಳ್ಳಿ ಗೆದ್ದರು. ಅದೇ ವರ್ಷದ ಆರಂಭದಲ್ಲಿ ತಗ್ಗಿನ ಊರಿನಲ್ಲಿ ಅವರು 41 ನಿಮಿಷದೊಳಗೆ ನಡೆದಿದ್ದರು. ಚಿನ್ನ ಕೀನ್ಯಾದ ಹುಡುಗನಿಗೆ, ಏಳೇ ಸೆಕೆಂಡ್ ಅಂತರದಲ್ಲಿ. ಅದೇ ಕೂಟದಲ್ಲಿ ನಮ್ಮ ಕರ್ನಾಟಕದ ಪ್ರಿಯಾ ಮೋಹನ್ ಮಿಶ್ರ 4x400 ರಿಲೇ ತಂಡದಲ್ಲಿ ಕಂಚು ಗೆದ್ದರು, 400 ಮೀಟರಿನಲ್ಲಿ ನಾಲ್ಕನೆಯವರಾದರು. 400 ಮೀಟರ್ ಓಡುವವರಿಗೆ ಕಸರಾನಿ ಶತ್ರುವಲ್ಲ.

ಎತ್ತರದ ಊರಿನ ಟೈಮಿಂಗ್ ಲೆಕ್ಕಕ್ಕೆ ಬರುವುದಿಲ್ಲ ಎಂಬುದೂ ತಪ್ಪು. 1,000 ಮೀಟರಿಗಿಂತ ಎತ್ತರದ ಟ್ರ್ಯಾಕಿನಲ್ಲಿ ಬಂದ ಸಮಯದ ಪಕ್ಕ ಅಂಕಿಅಂಶ ಪಟ್ಟಿಗಳಲ್ಲಿ ‘ಎ’ ಎಂದು ಗುರುತು ಹಾಕುತ್ತಾರೆ. ಅದು ಮಾಹಿತಿ, ಶಿಕ್ಷೆಯಲ್ಲ. ದಾಖಲೆಗೂ ಅರ್ಹತೆಗೂ ಅದು ಪೂರ್ತಿ ಮಾನ್ಯ. ಮಾನ್ಯವಾಗದಿರುವುದು ಗಾಳಿಯ ಮಿತಿ ಮೀರಿದ ಸಮಯ: 100, 200 ಮೀಟರ್, 100 ಮತ್ತು 110 ಮೀಟರ್ ಹರ್ಡಲ್ಸ್, ಲಾಂಗ್ ಜಂಪ್, ಟ್ರಿಪಲ್ ಜಂಪ್‌ಗಳಲ್ಲಿ ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ 2.0 ಮೀಟರ್ ದಾಟಬಾರದು. ಪದಕಕ್ಕೆ ಆ ಮಿತಿಯಿಲ್ಲ. ಗಾಳಿ ಎಷ್ಟಿದ್ದರೂ ಮೊದಲು ಬಂದವನು ಮೊದಲನೆಯವನೇ.

ಹೀಟ್‌ನ ಗೊಂದಲ ಸುಲಭ. ಫಲಿತಾಂಶ ಪಟ್ಟಿಯಲ್ಲಿ ಹೆಸರಿನ ಪಕ್ಕ ದೊಡ್ಡ ‘ಕ್ಯೂ’ (Q) ಇದ್ದರೆ ಸ್ಥಾನದಿಂದ ಮೇಲೆ ಹೋದವರು, ಚಿಕ್ಕ ‘ಕ್ಯೂ’ (q) ಇದ್ದರೆ ಸಮಯದಿಂದ ಹೋದವರು. ಪ್ರತಿ ಹೀಟ್‌ನಿಂದ ಮೊದಲ ಮೂವರು, ಉಳಿದವರಲ್ಲಿ ವೇಗದ ಇಬ್ಬರು ಎಂಬ ನಿಯಮವಿದ್ದರೆ, ನಿಧಾನವಾಗಿ ಓಡಿದ ಹೀಟ್‌ನ ನಾಲ್ಕನೆಯವಳು ಮನೆಗೆ, ಬಿರುಸಾಗಿ ಓಡಿದ ಹೀಟ್‌ನ ನಾಲ್ಕನೆಯವಳೂ ಐದನೆಯವಳೂ ಫೈನಲ್‌ಗೆ. ಸಮಯ ಸಮ ಬಂದರೆ ಸೆಕೆಂಡಿನ ಸಾವಿರದ ಒಂದು ಭಾಗದವರೆಗೂ ಗೆರೆಯ ಫೋಟೊ ಓದುತ್ತಾರೆ. ಮೊದಲ ಹೀಟ್‌ನಲ್ಲಿ ಓಡುವವರಿಗೆ ಎಷ್ಟು ಸಮಯ ಸಾಕು ಎಂದು ಗೊತ್ತಿರುವುದಿಲ್ಲ, ಕೊನೆಯ ಹೀಟ್‌ನವರಿಗೆ ಗೊತ್ತಿರುತ್ತದೆ. ಈ ಅಸಮತೆಯ ಕಾರಣಕ್ಕೇ 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1500 ಮತ್ತು ಅದಕ್ಕಿಂತ ದೂರದ ಓಟಗಳ ಹೀಟ್‌ಗಳಿಂದ ಸ್ಥಾನದ ಮೇಲೆ ಮಾತ್ರ ಆಯ್ಕೆ ನಡೆಯಿತು. ಮಗಳಿಗೆ ಹೇಳಿ: ಹೀಟ್‌ಗೆ ಇಳಿಯುವ ಮೊದಲು ಎಷ್ಟು ಸ್ಥಾನ, ಎಷ್ಟು ಸಮಯ ಎಂದು ಕಾಲ್ ರೂಮಿನಲ್ಲೇ (ಓಟಕ್ಕೆ ಮುಂಚೆ ಓಟಗಾರರನ್ನು ಸೇರಿಸುವ ಕೋಣೆ) ಕೇಳಿಕೊಳ್ಳಬೇಕು. ಮೂರನೇ ಸ್ಥಾನದಲ್ಲಿ ನೆಮ್ಮದಿಯಾಗಿ ಬಂದು ಕೊನೆಯ ಐದು ಮೀಟರಿನಲ್ಲಿ ವೇಗ ತಗ್ಗಿಸುವುದು ಶಾಲಾ ಕೂಟಗಳಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು.

ಇನ್ನು ಆಗಸ್ಟ್ ರಜೆ. ಕಡಲ ತೀರದ ಮೊಂಬಾಸಾಗೆ ಹೋದರೆ 800 ಮೀಟರಿನಲ್ಲಿ ಹೆಚ್ಚೆಂದರೆ ಒಂದು ಸೆಕೆಂಡ್ ಸಿಗಬಹುದು, ಏನೂ ಸಿಗದೆಯೂ ಇರಬಹುದು. ಅದಕ್ಕಾಗಿ ಪ್ರಯಾಣ ಬೇಡ. 1500 ಮೀಟರಿನಲ್ಲಿ ಶೇ 2ರಷ್ಟು ನಿರೀಕ್ಷಿಸಬಹುದು: 4:48 ಓಡುವವಳು 4:42ರ ಸುತ್ತ. ನೈರೋಬಿಯಲ್ಲಿ ಅವಳ ಲ್ಯಾಪ್ (400 ಮೀಟರಿನ ಒಂದು ಸುತ್ತು) 76.8 ಸೆಕೆಂಡ್ ಬೀಳುತ್ತದೆ, ಅಲ್ಲಿ 75ರಿಂದ 75.5 ಗುರಿಯಿಟ್ಟುಕೊಳ್ಳಲಿ. ಇಳಿದು ಬಂದ ಮೊದಲ ದಿನ ಉಸಿರು ಹಗುರವೆನಿಸಿ 72ಕ್ಕೆ ಹೊರಟರೆ 1000 ಮೀಟರಿಗೆ ಕಾಲು ಕಟ್ಟಿಕೊಳ್ಳುತ್ತದೆ. ಶ್ವಾಸಕೋಶ ಸಡಿಲವಾದಷ್ಟು ಬೇಗ ಕಾಲುಗಳು ಹೊಸ ವೇಗಕ್ಕೆ ಒಗ್ಗುವುದಿಲ್ಲ. ಒಂದೆರಡು ದಿನ ಮುಂಚೆ ಹೋಗಿ, ಓಡಿ, ಹಿಂದಿರುಗುವುದು ಒಳ್ಳೆಯದು. ನಾಲ್ಕರಿಂದ ಹತ್ತನೇ ದಿನದವರೆಗೆ ಮೈ ಭಾರವೆನಿಸುತ್ತದೆ ಎಂದು ಅನೇಕ ತರಬೇತುದಾರರು ಹೇಳುತ್ತಾರೆ. ಅಧ್ಯಯನಗಳು ಈ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲ, ಮೈಯಿಂದ ಮೈಗೆ ಬದಲಾಗುತ್ತದೆ. ಓಟ ಬೆಳಗ್ಗೆ ಬೇಗ ಅಥವಾ ಸಂಜೆ ಇದ್ದರೆ ಮಾತ್ರ ಹೋಗಿ. ಮಧ್ಯಾಹ್ನ ಒಂದು ಗಂಟೆಗೆ ಓಡಿಸಿದರೆ ಗಳಿಸಿದ ಆರು ಸೆಕೆಂಡನ್ನು ಸೆಕೆ ವಾಪಸ್ ಕಿತ್ತುಕೊಳ್ಳುತ್ತದೆ.

ಬೆಂಗಳೂರು ನಡುಮಟ್ಟ, ಸುಮಾರು 920 ಮೀಟರ್. ಕಂಠೀರವದಲ್ಲಿ ಓಡಿದ ಸಮಯಕ್ಕೆ ‘ಎ’ ಗುರುತು ಬೀಳುವುದಿಲ್ಲ, ಲಾಭವೂ ಅರ್ಧ: 1500ರಲ್ಲಿ ಎರಡು ಮೂರು ಸೆಕೆಂಡ್. ಆಗಸ್ಟ್‌ನ ತಂಪು ಹವೆ ಮಾತ್ರ ಮೊಂಬಾಸಾಗಿಂತ ಓಟಕ್ಕೆ ಹಿತ, ಮಳೆ ಬಿಟ್ಟುಕೊಟ್ಟರೆ. ಅಡ್ಡಿ ಇರುವುದು ಕಾಗದಪತ್ರದಲ್ಲಿ. ಅಧಿಕೃತ ಕೂಟಕ್ಕೆ ಅಥ್ಲೀಟ್ ನೋಂದಣಿ, ಜನನ ದಾಖಲೆ, ಸಂಸ್ಥೆಯ ಮೂಲಕ ಪ್ರವೇಶ ಬೇಕು. ರಜೆಗೆ ಬಂದವರನ್ನು ಗೇಟಿನಲ್ಲಿ ನೋಡಿ ಸೇರಿಸಿಕೊಳ್ಳುವುದಿಲ್ಲ. ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿ.

ಮೂರನೆಯ ದಾರಿ, ನಾನಾದರೆ ಮೊದಲು ಹಿಡಿಯುವುದು: ನೈರೋಬಿಯಲ್ಲೇ ಇದ್ದು ಅಲ್ಲಿನ ಸಮಯವನ್ನು ಸರಿಯಾಗಿ ಓದುವುದು. ಆ ವಯಸ್ಸಿಗೆ ಬೇಕಿರುವುದು ತನಗಿಂತ ಬಲವಾದವರ ಜೊತೆ ಓಡುವ ಅವಕಾಶ, ಅದಕ್ಕೆ ಜಗತ್ತಿನಲ್ಲಿ ಕೀನ್ಯಾಗಿಂತ ಒಳ್ಳೆಯ ಜಾಗ ಕಡಿಮೆ. ಇದರ ಅಪಾಯ ಒಂದೇ, ಆದರೆ ಸಣ್ಣದಲ್ಲ: ಕಬ್ಬಿಣಾಂಶ. ಎತ್ತರದಲ್ಲಿ ಮೈ ಹೆಚ್ಚು ಕೆಂಪು ರಕ್ತಕಣ ಮಾಡಲು ಹೊರಡುತ್ತದೆ, ಮುಟ್ಟಿನಲ್ಲಿ ರಕ್ತ ಹೋಗುತ್ತಿರುವ, ಮಾಂಸ ತಿನ್ನದ ಹುಡುಗಿಯರಲ್ಲಿ ದಾಸ್ತಾನು ಸದ್ದಿಲ್ಲದೆ ಬರಿದಾಗುತ್ತದೆ. ಹಿಮೋಗ್ಲೋಬಿನ್ ಸರಿಯಾಗಿದ್ದರೂ ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಅಳತೆ) ತಳ ಮುಟ್ಟಿರಬಹುದು, ಆದ್ದರಿಂದ ಪರೀಕ್ಷೆಗೆ ಎರಡನ್ನೂ ಬರೆಸಿ. ಸಮಯ ಕಾರಣವಿಲ್ಲದೆ ಕುಸಿಯುತ್ತಿದ್ದರೆ ತರಬೇತಿ ಹೆಚ್ಚಿಸುವ ಮೊದಲು ನೋಡಬೇಕಾದದ್ದು ಇದೇ. ಸುಕುಮಾ ವಿಕಿ (ಕೀನ್ಯಾದ ಹಸಿರು ಸೊಪ್ಪು), ಕಾಳುಗಳನ್ನು ನಿಂಬೆರಸದ ಜೊತೆ ಕೊಡಿ. ಊಟದ ಜೊತೆ ಚಹಾ ಬೇಡ, ಒಂದು ಗಂಟೆ ಕಳೆಯಲಿ. ಮಾತ್ರೆ ಮಾತ್ರ ವೈದ್ಯರು ಹೇಳದೆ ಬೇಡ, ಹೆಚ್ಚಾದ ಕಬ್ಬಿಣವೂ ಹಾನಿಯೇ.

ಎಲ್ಲಿ ಓಡಿಸಿದರೂ ಹೆಸರು ಕೊಡುವ ಮೊದಲು ಸಂಘಟಕರನ್ನು ಎರಡು ಮಾತು ಕೇಳಿ. ಎಲೆಕ್ಟ್ರಾನಿಕ್ ಟೈಮಿಂಗ್ ಇದೆಯೇ? 800 ಮತ್ತು ಅದಕ್ಕಿಂತ ಕಡಿಮೆ ದೂರಕ್ಕೆ ಕೈಗಡಿಯಾರದ ಸಮಯ ದೊಡ್ಡ ಕೂಟಗಳ ಅರ್ಹತೆಗೆ ನಡೆಯುವುದಿಲ್ಲ. ಹುಡುಗಿಯರಿಗೆ ಬೇರೆ ಓಟವಿದೆಯೇ? ಸಂಖ್ಯೆ ಕಡಿಮೆ ಎಂದು ಹುಡುಗರ ಜೊತೆ ಸೇರಿಸಿ ಓಡಿಸಿದರೆ 800, 1500 ಮೀಟರಿನ ಆ ಸಮಯ ಎಷ್ಟೇ ಚೆನ್ನಾಗಿದ್ದರೂ ಅರ್ಹತೆಗೆ ಒಪ್ಪುವುದಿಲ್ಲ.